ಸಂಪಾದಕರ ಉತ್ತರ: ಕರಾರಿನೊಳಗಿನ ‘ಕನ್‌ಸ್ಟ್ರೂ’

ಪ್ರಶ್ನೆ: ನಮ್ಮ ಬಾಡಿಗೆ ಕರಾರು ಇಂಗ್ಲಿಷಿನಲ್ಲಿದೆ. ಮಾಲೀಕರು ಒಮ್ಮೆ ಬಾಡಿಗೆಯನ್ನು ತಡವಾಗಿ ಪಡೆದುಕೊಂಡರೂ ಅದನ್ನು ಹಕ್ಕು ಬಿಟ್ಟುಕೊಟ್ಟಂತೆ ‘ಕನ್‌ಸ್ಟ್ರೂ’ ಮಾಡತಕ್ಕದ್ದಲ್ಲ ಎಂದು ಬರೆದಿದ್ದಾರೆ. ‘ಅಂಡರ್‌ಸ್ಟ್ಯಾಂಡ್’ ಅಂದರೆ ಸಾಲದೇ? ಈ ಪದಕ್ಕೂ ‘ಕನ್‌ಸ್ಟ್ರಕ್ಟ್‌’ಗೂ ನಂಟಿದೆ ಎನ್ನುತ್ತಾನೆ ಮಗ.
– ಓದುಗರೊಬ್ಬರು

ಉತ್ತರ: ಮಗ ಹೇಳಿದ್ದು ಸರಿ. ಜೋಡಿಸಿ ಕಟ್ಟು ಎಂಬರ್ಥದ ಒಂದೇ ಲ್ಯಾಟಿನ್ ಧಾತುವಿನಿಂದ ಎರಡೂ ಬಂದಿವೆ. ಇಂಗ್ಲೆಂಡಿನ ಶಾಲೆಗಳ ಲ್ಯಾಟಿನ್ ಪಾಠದಲ್ಲಿ ಹುಡುಗರು ಕರ್ತೃ, ಕರ್ಮ, ಕ್ರಿಯಾಪದಗಳನ್ನು ಹುಡುಕಿ, ಹೊಂದಿಸಿ, ಅರ್ಥ ಒಪ್ಪಿಸಬೇಕಿತ್ತು. ಅದಕ್ಕೇ ಕನ್‌ಸ್ಟ್ರೂ ಅನ್ನುತ್ತಿದ್ದರು. ಹಳಗನ್ನಡ ಪದ್ಯಕ್ಕೆ ಅನ್ವಯ ಬರೆದು ಬೆವರಿದವರಿಗೆ ಇದು ಹೊಸದಲ್ಲ.

‘ಅಂಡರ್‌ಸ್ಟ್ಯಾಂಡ್’ ಅಂದರೆ ಅರ್ಥವಾಗುವುದು. ಕನ್‌ಸ್ಟ್ರೂ ಅಂದರೆ ಅರ್ಥ ಹಚ್ಚುವುದು. ಮಾತಿಗೆ ಮಾತ್ರವಲ್ಲ, ನಡತೆಗೆ, ಮೌನಕ್ಕೂ ಹಚ್ಚಬಹುದು. ವಕೀಲರಿಗೆ ಈ ಪದ ಪ್ರಿಯವಾಗಿರುವುದು ಅದಕ್ಕೇ. ಹತ್ತನೇ ತಾರೀಖು ಬಾಡಿಗೆ ಇಸಿದುಕೊಂಡು ಮಾಲೀಕರು ಸುಮ್ಮನಿದ್ದರೆ, ಮುಂದಿನ ತಿಂಗಳೂ ತಡವಾದರೆ ನಡೆಯುತ್ತದೆ ಎಂದು ಆ ಮೌನಕ್ಕೆ ನೀವು ಅರ್ಥ ಹಚ್ಚುವಂತಿಲ್ಲ. ಇಷ್ಟೇ ಆ ಸಾಲಿನ ತಿರುಳು.

‘ಇಂಟರ್‌ಪ್ರಿಟ್‌’ನ ಹರವು ಇನ್ನೂ ದೊಡ್ಡದು. ರಾಗ, ಕನಸು, ಅಂಕಿಅಂಶ ಎಲ್ಲಕ್ಕೂ ಸಲ್ಲುತ್ತದೆ. ದುಭಾಷಿಯ ಕೆಲಸಕ್ಕೂ ಅದೇ ಪದ. ಕಾನೂನಿನಲ್ಲಿ ಮಾತ್ರ ಎರಡೂ ಅಕ್ಕಪಕ್ಕ ಕೂರುತ್ತವೆ. ನಮ್ಮ ಸಂವಿಧಾನದ 367ನೇ ವಿಧಿಯ ತಲೆಬರಹ ‘ಇಂಟರ್‌ಪ್ರಿಟೇಶನ್’. ಅದರೊಳಗೆ, ಸಂಸತ್ತಿನ ಕಾನೂನು ಎಂದಲ್ಲಿ ರಾಷ್ಟ್ರಪತಿಗಳ ಸುಗ್ರೀವಾಜ್ಞೆಯೂ ಸೇರಿದೆ ಎಂದು ‘ಕನ್‌ಸ್ಟ್ರೂ’ ಮಾಡಬೇಕೆಂಬ ಮಾತು ಬರುತ್ತದೆ.

ಕಾನೂನು ಪುಸ್ತಕಗಳನ್ನು ಕನ್ನಡಕ್ಕೆ ತರುವವರು ಎಡವುವುದು ನಾಮಪದದಲ್ಲಿ. ಅಲ್ಲಿನ ‘ಕನ್‌ಸ್ಟ್ರಕ್ಷನ್’ ಎಷ್ಟೋ ಸಲ ಅರ್ಥನಿರ್ಣಯ; ಇಟ್ಟಿಗೆ ಸಿಮೆಂಟಿನ ಗೊಡವೆ ಅದಕ್ಕಿಲ್ಲ. ‘ಸ್ಟ್ರಿಕ್ಟ್ ಕನ್‌ಸ್ಟ್ರಕ್ಷನ್’ ಎಂದರೆ ಶಬ್ದವನ್ನು ಹಿಗ್ಗಿಸದೆ ಅರ್ಥ ಮಾಡುವುದು. ಶಿಕ್ಷೆ ವಿಧಿಸುವ ಕಾನೂನುಗಳನ್ನು ಹೀಗೆ ಓದುವುದು ರೂಢಿ. ವಿಮಾ ಪಾಲಿಸಿಗಳಿಗೆ ಇನ್ನೊಂದು ನಿಯಮವಿದೆ. ಷರತ್ತು ನಿಜಕ್ಕೂ ಇಬ್ಬಗೆಯಾಗಿದ್ದರೆ, ಅದನ್ನು ಬರೆದ ಕಂಪನಿಗೆ ವಿರುದ್ಧವಾದ ಅರ್ಥವನ್ನೇ ಹಿಡಿಯುತ್ತಾರೆ. ನಿಮ್ಮ ಕರಾರಿನ ಸಾಲು ಸ್ಪಷ್ಟವಾಗಿದೆ, ಹಾಗಾಗಿ ಆ ಆಸೆ ಬೇಡ!

ದಿನಬಳಕೆಯಲ್ಲಿ ಈ ಪದವನ್ನು ಮಿತವಾಗಿ ಬಳಸಿ. ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸದಿದ್ದರೆ ‘ಕನ್‌ಸ್ಟ್ರೂ’ ಆಗಲಿಲ್ಲ ಎನ್ನುವಂತಿಲ್ಲ. ‘ಮಿಸ್‌ಕನ್‌ಸ್ಟ್ರೂ’ ಮಾತ್ರ ಮಾತಿನಲ್ಲೂ ಸಲೀಸು. ‘ಅಪಾರ್ಥ ಮಾಡ್ಕೋಬೇಡಿ’ ಎನ್ನಲು ನಾವು ‘ಡೋಂಟ್ ಮಿಸ್ಟೇಕ್ ಮಿ’ ಅನ್ನುತ್ತೇವಲ್ಲ, ಅಲ್ಲಿ ಇದು ಚೆನ್ನಾಗಿ ಕೂರುತ್ತದೆ.