ಪಾಲಿಶ್ ಆಮೇಲಾಯಿತು, ಮೊದಲು ಹೆಸರು ಬರೆದಿಡಿ

ಹಳೇ ಆಟದ ಸಾಮಾನು, ಕಪ್, ಪದಕ, ಹರಾಜು: ಮಡಿಕೇರಿಯಲ್ಲಿ ಬಹುಕಾಲ ಕ್ರೀಡಾ ಸಾಮಗ್ರಿ ಅಂಗಡಿ ನಡೆಸಿದ ಸಂಗ್ರಾಹಕರೊಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಐನ್‌ಮನೆಯ ಅಟ್ಟ ಗುಡಿಸುವಾಗ ಅಜ್ಜನ ಹಾಕಿ ಸ್ಟಿಕ್ ಸಿಕ್ಕಿತು ಸರ್. ಹಿಡಿಯ ಕೆಳಗೆ ಕಾದ ಕಬ್ಬಿಣದಲ್ಲಿ ಎರಡಕ್ಷರ ಸುಟ್ಟು ಬರೆದಿದ್ದಾರೆ. ಫೋಟೊ ನೋಡಿದ ಬೆಂಗಳೂರಿನ ವ್ಯಾಪಾರಿಯೊಬ್ಬರು ಐದು ಸಾವಿರ ಕೊಡುತ್ತೇನೆ, ಪಾಲಿಶ್ ಮಾಡಿಸಿಟ್ಟರೆ ಇನ್ನೂ ಸ್ವಲ್ಪ ಸೇರಿಸುತ್ತೇನೆ ಅಂದರು. ಎಷ್ಟು ಹಳೆಯದು ಅಂತ ಕಂಡುಹಿಡಿಯುವುದು ಹೇಗೆ? ಕೊಟ್ಟುಬಿಡಲೇ?
(ಗೃಹಿಣಿ, ಅಮ್ಮತ್ತಿ)

ಉತ್ತರ: ಪಾಲಿಶ್ ಮಾತ್ರ ಬೇಡ ಅಕ್ಕ. ಉಪ್ಪುಕಾಗದ ಒಂದು ಸಲ ಆಡಿಸಿದರೆ ಸಾಕು, ಅಜ್ಜ ಆಡಿದ್ದಕ್ಕೆ ಇರುವ ಸಾಕ್ಷಿಯೆಲ್ಲ ಪುಡಿಯಾಗಿ ಉದುರಿಹೋಗುತ್ತದೆ.

ಸ್ಟಿಕ್ಕನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ. ಒಳ್ಳೆಯ ಹಳೇ ಸ್ಟಿಕ್ ಹಿಪ್ಪುನೇರಳೆ ಮರದ್ದು. ಮರವನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿರುವುದರಿಂದ ಅದರ ಎಳೆಗಳು ತಿರುವಿನ ಜೊತೆಗೇ ತಿರುಗಿರುತ್ತವೆ. ಎಳೆ ನೇರವಾಗಿದ್ದು ತಿರುವಿನಲ್ಲಿ ಕತ್ತರಿಸಿದಂತೆ ಕಂಡರೆ ಅದು ಹಲಗೆಯಿಂದ ಕೊಯ್ದ ಅಗ್ಗದ ಮಾಲು, ಅಥವಾ ಗೋಡೆಗೆ ತೂಗುಹಾಕಲೆಂದು ಮಾಡಿದ್ದು. ಹಿಡಿ ಬೆತ್ತದ್ದು, ನಡುವೆ ರಬ್ಬರ್ ಪಟ್ಟಿ ಕೂರಿಸಿರುತ್ತಾರೆ. ಬೆತ್ತ ಬಂದು ಮರಕ್ಕೆ ಸೇರುವ ಜಾಗ ಆಪಿನ ಆಕಾರದಲ್ಲಿರುತ್ತದೆ, ಅದರ ಮೇಲೆ ದಾರ ಬಿಗಿದಿರುತ್ತಾರೆ. ಅಂಗಡಿಗೆ ರಿಪೇರಿಗೆ ಬಂದ ಸ್ಟಿಕ್ಕುಗಳಲ್ಲಿ ಮೊದಲು ಸಡಿಲವಾಗುತ್ತಿದ್ದದ್ದು ಇದೇ ಜಾಗ. ಅಲ್ಲಿ ಬೇರೆ ಬೇರೆ ಬಣ್ಣದ ದಾರ ಕಂಡರೆ ಸಂತೋಷಪಡಿ, ಯಾರೋ ಮತ್ತೆ ಮತ್ತೆ ಕಟ್ಟಿಸಿಕೊಂಡು ಆಡಿದ್ದಾರೆ ಎಂದರ್ಥ.

ಸ್ಟಿಕ್ಕಿನ ಬಾಗಿದ ತುದಿ, ಅಂದರೆ ಮೂತಿ, ಉದ್ದವಿದ್ದರೆ ಹಳೆಯ ಇಂಗ್ಲಿಷ್ ಮಾದರಿ. ಗಿಡ್ಡ ಮೂತಿಯ ಬಿಗಿ ತಿರುವು ಚೆಂಡನ್ನು ಸ್ಟಿಕ್ಕಿಗೆ ತಾಗಿಸಿಕೊಂಡೇ ಓಡುವ ನಮ್ಮವರ ಡ್ರಿಬಲ್ ಆಟಕ್ಕೆ ಒಗ್ಗಿ ಬಂದದ್ದು. ಮುದ್ರೆ ಅಳಿಸಿರದಿದ್ದರೆ ಊರಿನ ಹೆಸರು ಓದಿ. ಈಗ ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟ್ ಎಂದಿದ್ದು ಜೊತೆಗೆ ‘ಮೇಡ್ ಇನ್ ಇಂಡಿಯಾ’ ಇದ್ದರೆ 1947ಕ್ಕಿಂತ ಹಿಂದಿನದು. ದೇಶ ವಿಭಜನೆಯಾದಾಗ ಅಲ್ಲಿನ ಎಷ್ಟೋ ಕುಶಲಕರ್ಮಿಗಳು ಈಚೆ ಬಂದು ಪಂಜಾಬಿನ ಜಲಂಧರ್‌ನಲ್ಲಿ ನೆಲೆ ನಿಂತರು, ಆಮೇಲಿನ ಸ್ಟಿಕ್ಕುಗಳ ಮೇಲೆ ಆ ಊರಿನ ಹೆಸರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹಾಸಿನ ಮೇಲೆ ಹಾಕಿ ಆಡಿಸಿದ ನಂತರ ಆಟವೂ ಬದಲಾಯಿತು, ಸ್ಟಿಕ್ಕೂ ಬದಲಾಯಿತು. ಬರೀ ಮರದ ಸ್ಟಿಕ್ ಕ್ರಮೇಣ ಮೂಲೆ ಸೇರಿತು.

ಇಷ್ಟರಿಂದ ಕಾಲ ತಿಳಿಯುತ್ತದೆ. ಬೆಲೆ ನಿಂತಿರುವುದು ಆ ಸುಟ್ಟ ಅಕ್ಷರಗಳ ಮೇಲೆ. ಅಜ್ಜ ಯಾವ ತಂಡಕ್ಕೆ ಆಡಿದರು, ಯಾವ ಮೈದಾನದಲ್ಲಿ, ಜೊತೆಗಾರರು ಯಾರು? ಅವರ ತಂಗಿಯೋ ತಮ್ಮನೋ ಇದ್ದರೆ ಇದೇ ವಾರ ಹೋಗಿ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ತಾರೀಕು ಹಾಕಿ ಸಹಿ ಮಾಡಿಸಿ. ಆಮೇಲೆ ತಂಡದ ಗ್ರೂಪ್ ಫೋಟೊ ಹುಡುಕಿ. ಅಜ್ಜನ ಕೈಯಲ್ಲಿರುವ ಸ್ಟಿಕ್ಕಿನ ದಾರದ ಕಟ್ಟು, ಮೂತಿಯ ಸೀಳು ನಿಮ್ಮ ಹತ್ತಿರ ಇರುವುದರ ಜೊತೆ ತಾಳೆಯಾದರೆ ಅದಕ್ಕಿಂತ ದೊಡ್ಡ ಪುರಾವೆ ಬೇಡ. 1986ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮರಡೋನಾ ತೊಟ್ಟಿದ್ದ ಅಂಗಿ 2022ರಲ್ಲಿ ಹರಾಜಿಗೆ ಬಂದಾಗ, ಇದು ಮೊದಲರ್ಧದಲ್ಲಿ ತೊಟ್ಟದ್ದು, ಗೋಲು ಹೊಡೆದಾಗ ಹಾಕಿದ್ದಲ್ಲ ಎಂದು ಅವರ ಮಗಳೇ ತಕರಾರು ತೆಗೆದರು. ಹರಾಜು ಸಂಸ್ಥೆ ಆ ಪಂದ್ಯದ ಫೋಟೊಗಳ ಜೊತೆ ಅಂಗಿಯ ಗುರುತುಗಳನ್ನು ಹೋಲಿಸಿ ಉತ್ತರ ಕೊಟ್ಟಿತು, ಅಂಗಿ 71 ಲಕ್ಷ ಪೌಂಡ್ ದಾಟಿತು. ನಮ್ಮ ಅಟ್ಟದ ಸ್ಟಿಕ್ಕಿಗೂ ವಿಧಾನ ಅದೇ.

ಈ ಜಿಲ್ಲೆಯಿಂದ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ 1972ರ ಮ್ಯೂನಿಕ್ ಒಲಿಂಪಿಕ್ಸ್ ಹಾಕಿಯಲ್ಲಿ ಕಂಚು ತಂದರು, ಎಂ.ಎಂ. ಸೋಮಯ್ಯ 1980ರ ಮಾಸ್ಕೊದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಅಂಥವರ ಜೊತೆಗೋ ಎದುರಿಗೋ ಆಡಿದ ಎಷ್ಟೋ ಅಜ್ಜಂದಿರ ಹೆಸರು ಎಲ್ಲೂ ದಾಖಲಾಗಿಲ್ಲ. ನಿಮ್ಮ ಅಜ್ಜನದಾದರೂ ದಾಖಲಾಗಲಿ. ಐದು ಸಾವಿರಕ್ಕೆ ಈಗ ಕೊಡಬೇಡಿ. ಕಾಗದ ಸಿದ್ಧವಾದ ಮೇಲೆ ಅದೇ ವ್ಯಾಪಾರಿಗೆ ಮತ್ತೆ ಫೋಟೊ ಕಳಿಸಿ ನೋಡಿ.

ಪ್ರಶ್ನೆ: ಆನ್‌ಲೈನ್ ಹರಾಜಿನಲ್ಲಿ ಆಟಗಾರರ ಸಹಿ ಇರುವ ಹಳೇ ಕ್ರಿಕೆಟ್ ಬ್ಯಾಟ್ 10,000ಕ್ಕೆ ನನಗೆ ನಿಂತಿತು. ಬಿಲ್ ನೋಡಿದರೆ ತುಂಬಾ ಜಾಸ್ತಿ. ಮೋಸ ಹೋದೆನಾ ಅಣ್ಣ?
(ಯುವಕ, ಕುಶಾಲನಗರ)

ಉತ್ತರ: ಬಿಲ್ಲಿನಲ್ಲಿ ಮೋಸ ಇರಲಿಕ್ಕಿಲ್ಲ ತಮ್ಮ. ದೇವಸ್ಥಾನದ ಹರಾಜಿನಲ್ಲಿ ಮೂರನೇ ಸಾರಿ ಕೂಗಿದ ಮೊತ್ತ ಕೊಟ್ಟರೆ ಮುಗಿಯಿತು. ಹರಾಜು ಸಂಸ್ಥೆಗಳಲ್ಲಿ ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಂಡವನ ಕಮಿಷನ್ ಬೇರೆ ಸೇರುತ್ತದೆ, ಅದಕ್ಕೆ ಬೈಯರ್ಸ್ ಪ್ರೀಮಿಯಂ ಅನ್ನುತ್ತಾರೆ. ಅದು 20% ಎಂದಿಟ್ಟುಕೊಂಡರೆ 10,000ಕ್ಕೆ 2,000, ಆ 2,000ದ ಮೇಲೆ 18% ಜಿಎಸ್‌ಟಿ 360. ವಸ್ತುವಿನ ಮೇಲಿನ ತೆರಿಗೆ, ಪ್ಯಾಕಿಂಗ್, ಸಾಗಣೆ, ವಿಮೆ ಆಮೇಲಿನ ಮಾತು. ಇದೆಲ್ಲ ನಿಬಂಧನೆಗಳಲ್ಲಿ ಬರೆದಿರುತ್ತದೆ. ಮುಂದಿನ ಸಲ ಕೈಯಿಂದ ಒಟ್ಟು ಎಷ್ಟು ಬಿಡಬಹುದು ಎಂದು ಮೊದಲು ನಿರ್ಧರಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಸವಾಲಿನ ಮಿತಿ ಬರೆದಿಟ್ಟುಕೊಳ್ಳಿ. ಕೊನೇ ನಿಮಿಷದಲ್ಲಿ ಇನ್ನೊಬ್ಬ ಏರಿಸುತ್ತಿದ್ದಾನೆಂಬ ಹಟಕ್ಕೆ ಬೀಳಬೇಡಿ.

ನನಗೆ ಚಿಂತೆ ಇರುವುದು ಸಹಿಗಳದು. ಕಂಪನಿಗಳು ಮೊದಲಿನಿಂದಲೂ ಆಟಗಾರರ ಸಹಿಯನ್ನು ಬ್ಯಾಟಿನ ಮೇಲೆ ಅಚ್ಚು ಹಾಕಿ ಮಾರುತ್ತಿವೆ. ಅದು ಸುಳ್ಳಲ್ಲ, ಆದರೆ ಕೈಸಹಿಯೂ ಅಲ್ಲ. ವಾಚ್ ರಿಪೇರಿಯವರ ಹತ್ತಿರ ಕಣ್ಣಿಗೆ ಹಿಡಿದು ನೋಡುವ ಮಸೂರ ಇರುತ್ತದೆ, ಅದನ್ನು ಕೇಳಿ ಪಡೆದು ನೋಡಿ. ಅಚ್ಚಿನ ಶಾಯಿ ಎಲ್ಲ ಕಡೆ ಒಂದೇ ದಪ್ಪ, ಕೆಲವು ಸಲ ಚುಕ್ಕಿ ಚುಕ್ಕಿ. ಪೆನ್ನಿನದಾದರೆ ಗೆರೆಯ ಮೊದಲಲ್ಲಿ, ತಿರುವಿನಲ್ಲಿ ಶಾಯಿ ನಿಂತು ಕಪ್ಪಾಗಿರುತ್ತದೆ, ಮರದ ಎಳೆಯೊಳಗೆ ಸಣ್ಣಗೆ ಹರಡಿರುತ್ತದೆ. ಬಾಲ್ ಪೆನ್ ಆಗಿದ್ದರೆ ಗೆರೆ ತುಸು ತಗ್ಗಾಗಿರುತ್ತದೆ. ಹನ್ನೊಂದು ಸಹಿಯೂ ಒಂದೇ ಒತ್ತಡ, ಒಂದೇ ವೇಗದಲ್ಲಿದ್ದರೆ ಒಬ್ಬನೇ ಕೂತು ಬರೆದಿದ್ದಾನೆ. ಅನುಮಾನ ಬಂದರೆ ನಿಬಂಧನೆಯಲ್ಲಿ ವಾಪಸಿಗೆ ಕೊಟ್ಟ ಗಡುವು ಮುಗಿಯುವ ಮುನ್ನ ಬರಹದಲ್ಲಿ ದೂರು ಕೊಡಿ. ಫೋನಿನಲ್ಲಿ ಆಡಿದ ಮಾತು ನಿಲ್ಲುವುದಿಲ್ಲ.

ಪ್ರಶ್ನೆ: ತೋಟದ ಹಳೇ ಬಂಗಲೆಯಲ್ಲಿ ದಂತದ ಬಿಲಿಯರ್ಡ್ಸ್ ಚೆಂಡುಗಳೂ ಒಂದು ಚದುರಂಗದ ಸೆಟ್ಟೂ ಇವೆ. ಲಂಡನ್ನಿನಲ್ಲಿ ಒಂದೇ ಒಂದು ದಂತದ ಕಾಯಿ ಕೋಟಿಗಟ್ಟಲೆಗೆ ಹೋಯಿತು ಅಂತ ಓದಿದೆ. ನಾವೂ ಅಲ್ಲಿಗೇ ಕಳಿಸಬಹುದೇ?
(ಕಾಫಿ ಬೆಳೆಗಾರರು, ಸುಂಟಿಕೊಪ್ಪ)

ಉತ್ತರ: ಕಳಿಸಬೇಡಿ, ಇಲ್ಲಿಯೂ ಮಾರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ಆನೆದಂತದ ವ್ಯಾಪಾರ ಅಪರಾಧ. 1991ರ ತಿದ್ದುಪಡಿಯ ನಂತರ ಆಫ್ರಿಕಾದ ದಂತಕ್ಕೂ ವಿನಾಯಿತಿ ಉಳಿದಿಲ್ಲ. ಹಜಾರದ ಗೋಡೆಯ ಮೇಲೆ ಹುಲಿ ತಲೆ, ಕಾಟಿ ಕೊಂಬು ಇದ್ದರೆ ಅವಕ್ಕೂ ಇದೇ ಮಾತು. ಬೇಟೆಯಾಡಿದ ಪ್ರಾಣಿಗಳ ಚರ್ಮ ತುಂಬಿ ಕೊಡುತ್ತಿದ್ದ ಮೈಸೂರಿನ ವ್ಯಾನ್ ಇಂಗನ್ ಕಾರ್ಖಾನೆಯಲ್ಲಿ ತುಂಬಿಸಿದ್ದು ಎಂಬ ಚೀಟಿ ಇದ್ದರೂ ಮಾರುವ ಹಕ್ಕು ಬರುವುದಿಲ್ಲ. ಅರಣ್ಯ ಇಲಾಖೆಯ ಮಾಲೀಕತ್ವ ಪ್ರಮಾಣಪತ್ರ ಹಿರಿಯರ ಹೆಸರಿನಲ್ಲಿದೆಯೇ ನೋಡಿ, ಇದ್ದರೆ ವಾರಸುದಾರಿಕೆ ಬಗ್ಗೆ ಇಲಾಖೆಯಲ್ಲೇ ವಿಚಾರಿಸಿ. ಇಲ್ಲದಿದ್ದರೆ ಮೊದಲು ವಕೀಲರನ್ನು ಕಾಣಿ.

ಚೆಂಡುಗಳು ನಿಜವಾಗಿ ದಂತದವೇ ಎಂಬುದನ್ನೂ ನೋಡಬೇಕು. ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಕತ್ತರಿಸುವ ಸಣ್ಣ ಕಮಾನುಗೆರೆಗಳು ಕಾಣುತ್ತವೆ. ದಂತದ ಬದಲು ಬಳಸುತ್ತಿದ್ದ ಸೆಲ್ಯುಲಾಯ್ಡ್ ಎಂಬ ಹಳೇ ಪ್ಲಾಸ್ಟಿಕ್‌ನಲ್ಲಿ ಇರುವುದಿಲ್ಲ, ಇದ್ದರೂ ಉದ್ದಕ್ಕೆ ಸಮಾನಾಂತರ ಗೆರೆ ಅಷ್ಟೇ. ಕಾದ ಸೂಜಿ ಚುಚ್ಚಿ ನೋಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಸೆಲ್ಯುಲಾಯ್ಡ್ ಭಗ್ಗನೆ ಉರಿಯುತ್ತದೆ.

ಲಂಡನ್ನಿನ ಕಾಯಿ ವಾಲ್ರಸ್ ಎಂಬ ಕಡಲಪ್ರಾಣಿಯ ದಂತದ್ದು. 1831ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಸಿಕ್ಕ ರಾಶಿಯಿಂದ ಐದು ಚದುರಂಗದ ಕಾಯಿ ಕಳೆದುಹೋಗಿದ್ದವು. ಅದರಲ್ಲೊಂದನ್ನು ಎಡಿನ್‌ಬರೊದ ವ್ಯಾಪಾರಿ 1964ರಲ್ಲಿ 5 ಪೌಂಡಿಗೆ ಕೊಂಡಿದ್ದರು. ಏನೆಂದು ಗೊತ್ತಿಲ್ಲದೆ ಮನೆಯವರು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು. ಕಳೆದ ಕಾಯಿ ಇದೇ ಎಂದು ತಜ್ಞರು ಗುರುತಿಸಿದ ಮೇಲೆ 2019ರಲ್ಲಿ 7,35,000 ಪೌಂಡ್ ಬಂತು. ಗುರುತು ಸಿಕ್ಕಿದ್ದಕ್ಕೇ ಆ ಬೆಲೆ.

ನಿಮ್ಮ ಬಂಗಲೆಯಲ್ಲಿ ಮಾರಬಹುದಾದದ್ದು ಬೇರೆ ಇರಬಹುದು: ಕ್ಯೂ ಕೋಲು, ಮರದ ಸ್ಕೋರ್ ಬೋರ್ಡ್, ಕ್ಲಬ್ಬಿನ ಟೂರ್ನಿ ಪಟ್ಟಿ. ಸ್ನೂಕರ್ ಹುಟ್ಟಿದ್ದೇ ನಮ್ಮ ಜಬಲ್ಪುರದಲ್ಲಿ, 1875ರಲ್ಲಿ. ಹಾಗಾಗಿ ನಮ್ಮ ಕಡೆಯ ಹಳೇ ಕ್ಲಬ್ ಸಾಮಾನಿಗೆ ಆಸಕ್ತರು ಇದ್ದಾರೆ. ನೂರು ವರ್ಷ ದಾಟಿದ ಕಲಾವಸ್ತು ಪುರಾತನ ವಸ್ತು ಕಾಯ್ದೆಗೆ ಒಳಪಡುತ್ತದೆ, ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: 2018ರ ಆಗಸ್ಟ್ ಮಳೆಯಲ್ಲಿ ಮನೆಗೆ ಕೆಸರುನೀರು ನುಗ್ಗಿ ಅಪ್ಪನ ಫುಟ್‌ಬಾಲ್ ತಂಡದ ಫೋಟೊ ಫ್ರೇಮಿನ ಗಾಜಿಗೆ ಅಂಟಿಕೊಂಡಿದೆ. ಕಪ್‌ಗಳೂ ಕಪ್ಪಾಗಿವೆ. ನಮ್ಮ ಕಡೆಯವರು ಕಳೆದುಕೊಂಡದ್ದರ ಮುಂದೆ ಫೋಟೊ ಸಣ್ಣದು, ಆದರೂ ಕೇಳುತ್ತೇನೆ, ಏನು ಮಾಡಲಿ?
(ಮಕ್ಕಂದೂರು)

ಉತ್ತರ: ಆ ಮಳೆಯಲ್ಲಿ ನಿಮ್ಮ ಕಡೆಯವರು ಕಳೆದುಕೊಂಡದ್ದರ ಮುಂದೆ ಫೋಟೊ ಸಣ್ಣದು ಅಂತ ನೀವೇ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಗಾಜಿನಿಂದ ಕೀಳಲು ಹೋಗಬೇಡಿ, ಮುಖಗಳು ಗಾಜಿನ ಮೇಲೇ ಉಳಿದುಬಿಡುತ್ತವೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, ಮೂಲವನ್ನು ಹಾಗೆಯೇ ಒಣ ಜಾಗದಲ್ಲಿಡಿ. ಫೋಟೊದಲ್ಲಿರುವವರ ಹೆಸರನ್ನು ಎಡದಿಂದ ಬಲಕ್ಕೆ ಬರೆದು ಸ್ಕ್ಯಾನಿನ ಪ್ರತಿ ಜೊತೆ ಸೇರಿಸಿ. ಕಪ್‌ಗಳನ್ನು ಪಾತ್ರೆ ಪುಡಿಯಲ್ಲಿ ತಿಕ್ಕಬೇಡಿ. ಹೆಚ್ಚಿನವು ಬೆಳ್ಳಿ ಲೇಪದವು, ಲೇಪ ಹೋದರೆ ಕೆತ್ತಿದ ಅಕ್ಷರವೂ ಹೋಗುತ್ತದೆ. ಮೆತ್ತನೆಯ ಹತ್ತಿಬಟ್ಟೆ, ಉಗುರುಬೆಚ್ಚಗಿನ ನೀರು, ಪೂರ್ತಿ ಒಣಗಿಸುವುದು, ಅಷ್ಟು ಸಾಕು. ನಮ್ಮ ಮಳೆಗಾಲಕ್ಕೆ ಗೋಡೆಗೆ ತಾಗಿದ ಕಪಾಟು ಆಗುವುದಿಲ್ಲ, ನಾಲ್ಕು ಬೆರಳು ಜಾಗ ಬಿಡಿ. ಬೂಷ್ಟು ಬಂದ ಚರ್ಮದ ಚೆಂಡಿಗೆ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸವನ್ನು ದಯವಿಟ್ಟು ಬಿಡಿ.

ಪ್ರಶ್ನೆ: ಇನ್ನೂರು ವರ್ಷದ್ದು ಎಂದು ಚನ್ನೆಮಣೆಯೊಂದನ್ನು (ಅಳಿಗುಳಿ ಮಣೆ) ತೋರಿಸುತ್ತಿದ್ದಾರೆ. ನಂಬಬಹುದೇ?
(ಶಿಕ್ಷಕರು, ಸಂಪಾಜೆ)

ಉತ್ತರ: ಹದಿನಾಲ್ಕು ಗುಳಿಗಳಲ್ಲೂ ಬೆರಳು ಆಡಿಸಿ ನೋಡಿ ಮೇಷ್ಟ್ರೇ. ಆಟಿ ತಿಂಗಳ ಮಳೆಗೆ ಒಳಗೆ ಕೂತು ತಲೆಮಾರುಗಟ್ಟಲೆ ಆಡಿದ ಮಣೆಯಲ್ಲಿ, ಕಾಯಿ ಬಾಚುವಾಗ ಬೆರಳು ತಾಗುವ ಕಡೆ ಗುಳಿಯ ಅಂಚು ಸವೆದು ನುಣುಪಾಗಿರುತ್ತದೆ, ಉಳಿದ ಕಡೆ ಅಷ್ಟಿರುವುದಿಲ್ಲ. ಎಲ್ಲ ಅಂಚೂ ಒಂದೇ ಸಮ ನುಣುಪಾಗಿದ್ದರೆ ಯಂತ್ರದ ಕೆಲಸ. ಮೂಸಿ ನೋಡಿ, ಬೂಟ್ ಪಾಲಿಶ್ ವಾಸನೆ ಬಂದರೆ ವಾಪಸ್ ಕೊಡಿ. ಅದಕ್ಕಿಂತ ನಿಮ್ಮ ಊರಿನ ಅಜ್ಜಿಯರ ಮನೆಗಳಲ್ಲಿರುವ ಮಣೆಗಳ ಫೋಟೊ ತೆಗೆದು, ಅವರು ಆಡುತ್ತಿದ್ದ ಆಟದ ಕ್ರಮವನ್ನು ಮಕ್ಕಳಿಂದ ಬರೆಸಿದರೆ ಒಳ್ಳೆಯ ಕೆಲಸವಾಗುತ್ತದೆ.

ಪ್ರಶ್ನೆ: ಹರಾಜಿಗೆ ಹೋಗುವಷ್ಟು ದುಡ್ಡಿಲ್ಲ. ಏನನ್ನು ಸಂಗ್ರಹಿಸಲಿ?
(ಕಾಲೇಜು ವಿದ್ಯಾರ್ಥಿನಿ, ನಾಪೋಕ್ಲು)

ಉತ್ತರ: ನಿಮ್ಮ ಊರಿನ ಮೈದಾನದಲ್ಲೇ ಇದೆಯಮ್ಮ. ಕೊಡವ ಕುಟುಂಬಗಳ ಹಾಕಿ ಉತ್ಸವ 1997ರಲ್ಲಿ ಕರಡ ಗ್ರಾಮದಲ್ಲಿ, ಪಾಂಡಂಡ ಕುಟ್ಟಪ್ಪನವರ ಮುಂದಾಳತ್ವದಲ್ಲಿ 60 ತಂಡಗಳಿಂದ ಶುರುವಾಯಿತು. 2024ರಲ್ಲಿ ನಾಪೋಕ್ಲಿನಲ್ಲೇ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಆಮಂತ್ರಣ ಪತ್ರ, ಪಂದ್ಯಗಳ ಪಟ್ಟಿ, ಜೆರ್ಸಿ, ಕೈಬರಹದ ಸ್ಕೋರ್ ಹಾಳೆ: ಇವನ್ನು ಫೈನಲ್ ಮುಗಿದ ಮರುದಿನ ಗುಡಿಸಿ ಹಾಕುತ್ತಾರೆ. ಮೊದಲ ವರ್ಷಗಳ ಕಾಗದ ಯಾರ ಮನೆಯಲ್ಲಿದೆ ಎಂದು ಈಗಲೇ ಕೇಳುತ್ತಾ ಬನ್ನಿ.

ಪ್ರಶ್ನೆ: ಅಪ್ಪ ಸೇನಾ ತಂಡದಲ್ಲಿ ಹಾಕಿ ಆಡುತ್ತಿದ್ದರು. ಅವರ ರಾಷ್ಟ್ರೀಯ ಟೂರ್ನಿಯ ಚಿನ್ನದ ಪದಕ ನನ್ನ ಹತ್ತಿರ ಇದೆ. ಮಗಳ ಕಾಲೇಜು ಫೀಸಿಗೆ ಮಾರೋಣವೆಂದರೆ ತಮ್ಮ ತಂಗಿಯರಿಗೆ ಬೇಸರ. ಚಿನ್ನಾಭರಣದ ಅಂಗಡಿಯವರು ಬರೀ ಲೇಪ, ಏನೂ ಬರುವುದಿಲ್ಲ ಅಂದರು.
(ಪೊನ್ನಂಪೇಟೆ)

ಉತ್ತರ: ತೂಕದ ಲೆಕ್ಕಕ್ಕೆ ಅವರು ಹೇಳಿದ್ದು ಸರಿ. ಒಲಿಂಪಿಕ್ಸ್ ಚಿನ್ನದ ಪದಕವೇ ಬಹುಪಾಲು ಬೆಳ್ಳಿ, ಮೇಲೆ ಸುಮಾರು 6 ಗ್ರಾಂ ಚಿನ್ನ. ಅಪ್ಪಟ ಚಿನ್ನದ್ದು ಕೊನೆಯ ಸಲ ಕೊಟ್ಟಿದ್ದು 1912ರ ಸ್ಟಾಕ್‌ಹೋಮ್‌ನಲ್ಲಿ. ಅಮೆರಿಕದ ಓಟಗಾರ ಜೆಸ್ಸಿ ಓವೆನ್ಸ್ 1936ರ ಬರ್ಲಿನ್‌ನಲ್ಲಿ ಗೆದ್ದ ನಾಲ್ಕು ಪದಕಗಳಲ್ಲಿ ಒಂದಕ್ಕೆ 2013ರಲ್ಲಿ 14 ಲಕ್ಷ ಡಾಲರ್ ಮೀರಿ ಬಂದದ್ದು ಓಡಿದ ಮನುಷ್ಯನ ಸಲುವಾಗಿ. ನಮ್ಮ ರಾಷ್ಟ್ರೀಯ ಟೂರ್ನಿಯ ಪದಕಕ್ಕೆ ಕೊಳ್ಳುವವರು ಕಡಿಮೆ, ಫೀಸು ಪೂರ್ತಿ ಅದರಿಂದಲೇ ಬರುತ್ತದೆಂದು ಎಣಿಸಬೇಡಿ. ಹರಾಜಿಗೆ ಕೊಟ್ಟರೂ ಪಟ್ಟಿ ಅಚ್ಚಾಗಿ, ಮಾರಾಟವಾಗಿ, ಕಮಿಷನ್ ಕಳೆದು ಹಣ ಕೈಸೇರಲು ತಿಂಗಳುಗಳೇ ಬೇಕು. ಕಾಲೇಜಿನವರು ಅಷ್ಟು ಕಾಯುವುದಿಲ್ಲ.

ಮಾರುವುದರಲ್ಲಿ ತಪ್ಪೇನೂ ಇಲ್ಲ, ಮೊಮ್ಮಗಳ ಓದಿಗೆ ಆದರೆ ನಿಮ್ಮ ಅಪ್ಪನವರೂ ಬೇಡ ಎನ್ನುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಆದರೆ ಪದಕ ಒಬ್ಬರ ಸ್ವತ್ತಲ್ಲ. ಒಡಹುಟ್ಟಿದವರೆಲ್ಲರ ಒಪ್ಪಿಗೆ ಬರಹದಲ್ಲಿರಲಿ, ಒಳ್ಳೆಯ ಹರಾಜು ಸಂಸ್ಥೆ ಅದನ್ನು ಕೇಳಿಯೇ ಕೇಳುತ್ತದೆ. ಮೊದಲು ಅವರನ್ನೇ ಕೇಳಿ: ಅವರಲ್ಲೊಬ್ಬರು ನ್ಯಾಯವಾದ ಬೆಲೆ ಕೊಟ್ಟು ಇಟ್ಟುಕೊಂಡರೆ ಫೀಸೂ ಕಟ್ಟಬಹುದು, ಪದಕವೂ ಒಕ್ಕದಲ್ಲೇ, ಅಂದರೆ ಮನೆತನದಲ್ಲೇ ಇರುತ್ತದೆ. ಅದಾಗದಿದ್ದರೆ ಎರಡೂ ಬದಿಯ ಸ್ಪಷ್ಟ ಫೋಟೊ, ಅಪ್ಪನ ಸೇವಾ ದಾಖಲೆಯ ಪ್ರತಿ, ಆ ವರ್ಷದ ಪತ್ರಿಕೆ ತುಣುಕು ಜೋಡಿಸಿ ಒಂದಕ್ಕಿಂತ ಹೆಚ್ಚು ಸಂಸ್ಥೆಗಳಿಂದ ಅಂದಾಜು ತರಿಸಿ. ಇಂತಿಷ್ಟಕ್ಕಿಂತ ಕೆಳಗೆ ಬಿಡಕೂಡದು ಎಂಬ ಕನಿಷ್ಠ ಬೆಲೆಯನ್ನು ಕರಾರಿನಲ್ಲಿ ಬರೆಸದೆ ಪದಕ ಕೈಬಿಡಬೇಡಿ.