ಹೋಗುವಾಗ ಹಡಗು, ಬರುವಾಗ ವಿಮಾನ

ಪ್ರಶ್ನೆ: ಆಗಸ್ಟ್ ಎರಡನೇ ವಾರ ಅಪ್ಪ ಅಮ್ಮನ ಜೊತೆ ಅಥೆನ್ಸ್‌ಗೆ ಹೋಗ್ತಿದ್ದೇವೆ. ಅಲ್ಲಿಂದ ಸ್ಯಾಂಟೊರಿನಿಗೆ ವಿಮಾನ ಒಳ್ಳೇದೋ, ಹಡಗು ಒಳ್ಳೇದೋ? ಅಪ್ಪನಿಗೆ ಮಂಡಿನೋವು. ಅಮ್ಮನಿಗೆ ಬಸ್ಸಲ್ಲಿ ಕೂತರೂ ವಾಂತಿ. ಇಬ್ಬರೂ ಸಸ್ಯಾಹಾರಿಗಳು.

ಹೋಗುವಾಗ ಹಡಗಿನಲ್ಲಿ ಹೋಗಿ, ಬರುವಾಗ ವಿಮಾನದಲ್ಲಿ ಬನ್ನಿ. ಹಡಗು ಅಂದರೆ ದೊಡ್ಡ ಹಡಗು, ಫಾಸ್ಟ್ ಬೋಟ್ ಅಲ್ಲ. ದ್ವೀಪದಿಂದ ವಾಪಸ್ ಬಂದ ದಿನವೇ ಊರಿನ ವಿಮಾನ ಹತ್ತುವ ಹಾಗೆ ಮಾತ್ರ ಟಿಕೆಟ್ ಮಾಡಬೇಡಿ, ನಡುವೆ ಒಂದು ರಾತ್ರಿ ಅಥೆನ್ಸ್‌ನಲ್ಲಿ ಇರಲಿ. ನಾನು ಮ್ಯೂನಿಕ್‌ನಲ್ಲಿ ಇರೋದು. ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಬಂದಿದ್ದ ನನ್ನ ಅಮ್ಮನನ್ನು ಕರೆದುಕೊಂಡು ಹೋಗಿ, ಈ ಮೂರನ್ನೂ ತಪ್ಪು ಮಾಡಿಯೇ ಕಲಿತೆ. ನಿಮ್ಮ ಪ್ರಶ್ನೆ ಓದಿದಾಗ ನಮ್ಮ ಅಮ್ಮನೇ ಕಣ್ಣಮುಂದೆ ಬಂದಳು, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಎಲ್ಲಕ್ಕೂ ಮೂಲ ಗಾಳಿ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಒಂದು ಗಾಳಿ ಬೀಸುತ್ತದೆ, ಅದಕ್ಕೆ ಮೆಲ್ತೆಮಿ ಅಂತಾರೆ. ಹಳೆಯ ಗ್ರೀಕರು ಇದನ್ನು ‘ಎತೀಸಿಯೈ’ ಅಂತ ಕರೆದಿದ್ದರು. ವರ್ಷ ವರ್ಷವೂ ಬರುವ ಗಾಳಿ ಅಂತ ಅದರ ಅರ್ಥ. ಬಾಲ್ಕನ್ ಕಡೆ ಹೆಚ್ಚು ಒತ್ತಡ, ಟರ್ಕಿಯ ಕಾದ ನೆಲದ ಮೇಲೆ ಕಡಿಮೆ ಒತ್ತಡ, ಇವೆರಡರ ನಡುವೆ ನುಗ್ಗುವ ಗಾಳಿ ಇದು. ಟರ್ಕಿಯ ಆ ಕಡಿಮೆ ಒತ್ತಡ ಇದೆಯಲ್ಲ, ಅದು ನಮ್ಮ ಮುಂಗಾರನ್ನು ಎಳೆದು ತರುವ ಪಟ್ಟಿಯದೇ ಪಶ್ಚಿಮದ ತುದಿ. ಸಾಗರದಲ್ಲಿ ಜಡಿಮಳೆ ಹೊಯ್ಯುವ ಹೊತ್ತಿಗೇ ಅಲ್ಲಿ ಗಾಳಿಗೆ ಹಡಗು ಹೊರಡದೆ ನಿಲ್ಲುವುದು ಕಾಕತಾಳೀಯ ಅಲ್ಲ ಅಂತ ಗೊತ್ತಾದಾಗ ನನಗೆ ಮೈ ಜುಮ್ಮೆಂದಿತು.

ಆದರೆ ಮೆಲ್ತೆಮಿ ಮಳೆ ತರುವುದಿಲ್ಲ. ಮೋಡವೂ ಇರುವುದಿಲ್ಲ. ನಾವು ಮೋಸ ಹೋದದ್ದೇ ಅಲ್ಲಿ. ವಾಪಸ್ ಬರುವ ದಿನ ಸ್ಯಾಂಟೊರಿನಿಯಿಂದ ಮಧ್ಯಾಹ್ನದ ಫಾಸ್ಟ್ ಬೋಟ್ ಹಿಡಿದು, ರಾತ್ರಿ ಅಥೆನ್ಸ್‌ನಿಂದ ಮ್ಯೂನಿಕ್ ವಿಮಾನ ಹತ್ತುವುದು ಅಂತ ಲೆಕ್ಕ ಹಾಕಿದ್ದೆ. ಬಂದರಿಗೆ ಬಂದರೆ ಆಕಾಶ ತೊಳೆದಿಟ್ಟ ಹಾಗೆ ನೀಲಿ. ಬಿಸಿಲು ಕಣ್ಣು ಕುಕ್ಕುತ್ತಿದೆ. ಜನ ಮಾತ್ರ ಸೂಟ್‌ಕೇಸ್ ಮೇಲೆ ಕೂತು ಫೋನ್ ನೋಡುತ್ತಿದ್ದಾರೆ. ಪಕ್ಕದ ಕಾಫಿ ಅಂಗಡಿಯವನು ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸಿ ಹಗ್ಗ ಕಟ್ಟುತ್ತಿದ್ದ. ಏನಾಯ್ತು ಅಂತ ಕೇಳಿದ್ದಕ್ಕೆ ಒಂದೇ ಮಾತು ಹೇಳಿದ: ‘ಅಪಗೊರೆಫ್ತಿಕೊ’. ನಿಷೇಧ ಅಂತ ಅರ್ಥ. ಅಮ್ಮ ಆಕಾಶ ನೋಡಿ, ‘ಒಂದು ಹನಿ ಮಳೆ ಇಲ್ಲ, ಎಂಥ ನಿಷೇಧ ಮಾರಾಯ?’ ಅಂದಳು. ಅಷ್ಟರಲ್ಲಿ ಬೀಸಿದ ಗಾಳಿಗೆ ಅವಳ ಸೆರಗು ನನ್ನ ಮುಖಕ್ಕೆ ಸುತ್ತಿಕೊಂಡಿತು. ಸಮುದ್ರದ ಕಡೆ ತಿರುಗಿದರೆ ಉದ್ದಕ್ಕೂ ಬಿಳಿ ನೊರೆ.

ಈ ನಿಷೇಧ ಹೊರಡಿಸುವುದು ಬಂದರಿನ ಅಧಿಕಾರಿಗಳು, ಹಡಗಿನ ಕಂಪನಿ ಅಲ್ಲ. ಹಾಗಾಗಿ ಕೌಂಟರಿನಲ್ಲಿ ಜಗಳ ಆಡಿ ಪ್ರಯೋಜನ ಇಲ್ಲ. ಗಾಳಿಯನ್ನು ಅಲ್ಲಿ ಬೋಫೋರ್ಟ್ ಲೆಕ್ಕದಲ್ಲಿ ಹೇಳುತ್ತಾರೆ. 8 ಬೋಫೋರ್ಟ್ ಅಂದರೆ ಗಂಟೆಗೆ 62ರಿಂದ 74 ಕಿ.ಮೀ. ವೇಗ. ಆ ಮಟ್ಟಕ್ಕೆ ಬಂದರೆ ದೊಡ್ಡ ಹಡಗುಗಳನ್ನೂ ತಡೆಯುತ್ತಾರೆ. ಫಾಸ್ಟ್ ಬೋಟ್‌ಗಳನ್ನು ಅವುಗಳ ಗಾತ್ರ ನೋಡಿ ಅದಕ್ಕಿಂತ ಮೊದಲೇ ನಿಲ್ಲಿಸುತ್ತಾರೆ. ಟಿಕೆಟ್ ದುಡ್ಡು ವಾಪಸ್ ಬರುತ್ತದೆ, ಇಲ್ಲವೇ ಮುಂದಿನ ಹಡಗಿಗೆ ಬದಲಿಸಿ ಕೊಡುತ್ತಾರೆ. ತಪ್ಪಿದ ವಿಮಾನದ ದುಡ್ಡನ್ನು ನಮಗೆ ಯಾರೂ ಕೊಡಲಿಲ್ಲ. ಮರುದಿನ ಮಧ್ಯಾಹ್ನ ಗಾಳಿ ಸ್ವಲ್ಪ ಇಳಿದ ಮೇಲೆ ದೊಡ್ಡ ಹಡಗು ಸಿಕ್ಕಿತು. ಉತ್ತರಕ್ಕೆ ಹೋಗುವ ದಾರಿ, ಗಾಳಿಗೆ ಎದುರಾಗಿ. ಅಷ್ಟು ದೊಡ್ಡ ಹಡಗೂ ಮೂತಿ ಎತ್ತಿ ಎತ್ತಿ ಇಳಿಸುತ್ತಿತ್ತು. ಅಮ್ಮ ಮೂರು ಸಲ ವಾಂತಿ ಮಾಡಿಕೊಂಡಳು. ಅವಳ ಬೆನ್ನು ಸವರುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ಹೋಗುವಾಗ ಇದೇ ಗಾಳಿ ಬೆನ್ನ ಹಿಂದೆ ಇತ್ತು, ಅವಳಿಗೆ ಏನೂ ಆಗಿರಲಿಲ್ಲ.

ನಿಮಗೆ ‘ಹೋಗುವಾಗ ಹಡಗು’ ಅಂತ ಹೇಳುವುದು ಅದಕ್ಕೇ. ದಕ್ಷಿಣಕ್ಕೆ ಹೋಗುವಾಗ ಮೆಲ್ತೆಮಿ ಹಿಂದಿನಿಂದ ತಳ್ಳುತ್ತದೆ, ಬರುವಾಗ ಎದುರಿನಿಂದ ಹೊಡೆಯುತ್ತದೆ. ವಿಮಾನದಲ್ಲಿ ಸ್ಯಾಂಟೊರಿನಿಯಿಂದ ಅಥೆನ್ಸ್‌ಗೆ 45–50 ನಿಮಿಷ, ಅಷ್ಟೆ. ಇಳಿಯುವುದೂ ನೀವು ಊರಿಗೆ ಹೊರಡುವ ಅದೇ ವಿಮಾನ ನಿಲ್ದಾಣದಲ್ಲಿ, ಹಾಗಾಗಿ ಆ ಕೊನೆಯ ರಾತ್ರಿಯ ಹೋಟೆಲನ್ನು ಅದರ ಹತ್ತಿರವೇ ಹಿಡಿದರೂ ಆಯಿತು.

ಹಾಗಾದರೆ ಎರಡೂ ಕಡೆ ವಿಮಾನವೇ ಆಗಬಹುದಲ್ಲ ಅಂತ ಕೇಳುತ್ತೀರಿ. ಆಗಬಹುದು. ಆದರೆ ಆ ಹಗಲು ಹಡಗಿನ ಪ್ರಯಾಣವನ್ನು ಅಪ್ಪ ಅಮ್ಮನಿಗೆ ತಪ್ಪಿಸಬೇಡಿ ಅಂತ ನನ್ನ ಮನಸ್ಸು ಹೇಳುತ್ತದೆ. ವಿಮಾನದಲ್ಲಿ ಸ್ಯಾಂಟೊರಿನಿ ಒಂದು ಊರು. ಹಡಗಿನಲ್ಲಿ ಬಂದರೆ ಅದು ದ್ವೀಪ.

ಅಥೆನ್ಸ್‌ನ ಬಂದರು ಪಿರೇಯಸ್. ಅಲ್ಲಿಂದ ಸ್ಯಾಂಟೊರಿನಿಗೆ ಸುಮಾರು 130 ನಾಟಿಕಲ್ ಮೈಲು, ಅಂದರೆ 240 ಕಿ.ಮೀ. ಬ್ಲೂ ಸ್ಟಾರ್‌ನಂಥ ಕಂಪನಿಯ ದೊಡ್ಡ ಹಡಗು ಬೆಳಿಗ್ಗೆ ಏಳೂವರೆಯ ಆಸುಪಾಸು ಹೊರಟು, ಪಾರೋಸ್, ನಾಕ್ಸೋಸ್ ದ್ವೀಪಗಳನ್ನು ಮುಟ್ಟಿ ಏಳೂವರೆ–ಎಂಟು ಗಂಟೆಯಲ್ಲಿ ತಲುಪಿಸುತ್ತದೆ. ಫಾಸ್ಟ್ ಬೋಟ್ ಐದು ಗಂಟೆ ಅಂತಾರೆ, ದರವೂ ಹೆಚ್ಚು. ಅದರಲ್ಲಿ ಹೊರಗೆ ನಿಲ್ಲಲು ಜಾಗವೇ ಇರುವುದಿಲ್ಲ ಅನ್ನಿ, ಕಿಟಕಿ ಮುಚ್ಚಿದ ಬಸ್ಸಿನ ಹಾಗೆ ಕೂರಬೇಕು. ಅಲೆ ಎದ್ದರೆ ಕುಲುಕಾಟ. ಬಸ್ಸಲ್ಲೇ ವಾಂತಿ ಆಗುವವರಿಗೆ ಇದಕ್ಕಿಂತ ಕೆಟ್ಟ ಆಯ್ಕೆ ಇಲ್ಲ.

ವಿಮಾನ ನಿಲ್ದಾಣದಿಂದ ಪಿರೇಯಸ್‌ಗೆ 2022ರ ಅಕ್ಟೋಬರ್‌ನಿಂದ ನೀಲಿ ಲೈನ್ ಮೆಟ್ರೋ ನೇರವಾಗಿ ಹೋಗುತ್ತದೆ, ಹೆಚ್ಚು ಕಡಿಮೆ ಒಂದು ಗಂಟೆಯ ದಾರಿ. ರಾತ್ರಿ ಇಡೀ ಓಡುವ ಎಕ್ಸ್96 ಬಸ್ಸೂ ಇದೆ. ಆದರೆ ಬೆಳಿಗ್ಗೆ ಏಳೂವರೆಯ ಹಡಗಿಗೆ, ಮಂಡಿನೋವಿನ ಅಪ್ಪನ ಜೊತೆ, ನಗರದೊಳಗಿನ ಹೋಟೆಲಿನಿಂದ ಆರಕ್ಕೆ ಟ್ಯಾಕ್ಸಿ ಹಿಡಿಯಿರಿ. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಮೆಟ್ರೋದಲ್ಲೇ ಹೋಗುವುದಾದರೆ ಪರ್ಸು, ಪಾಸ್‌ಪೋರ್ಟ್ ಎದೆಗೆ ಒತ್ತಿಕೊಂಡಿರಿ, ಆ ರೈಲುಗಳಲ್ಲಿ ಜೇಬುಗಳ್ಳರ ಕಾಟ ನಿಜ.

ಡ್ರೈವರ್‌ಗೆ ಬರೀ ‘ಪಿರೇಯಸ್’ ಅಂದರೆ ಸಾಲದು, ಗೇಟ್ ನಂಬರ್ ಹೇಳಬೇಕು. ಬಂದರು ಅಷ್ಟು ದೊಡ್ಡದು, ಗೇಟ್‌ಗಳು ಇ1ರಿಂದ ಶುರುವಾಗಿ ಇಡೀ ದಂಡೆ ಸುತ್ತುತ್ತವೆ. ಸ್ಯಾಂಟೊರಿನಿ ಕಡೆಯ ದೊಡ್ಡ ಹಡಗುಗಳು ಸಾಮಾನ್ಯವಾಗಿ ಮೆಟ್ರೋ ಸ್ಟೇಷನ್ ಎದುರಿನ ಇ6, ಇ7 ಕಡೆ ನಿಲ್ಲುತ್ತವೆ. ಆದರೂ ಟಿಕೆಟ್ಟಿನ ಜೊತೆ ಬರುವ ಮೆಸೇಜನ್ನು ಹಿಂದಿನ ದಿನ ಇನ್ನೊಮ್ಮೆ ನೋಡಿ. ಇನ್ನೊಂದು ವಿಷಯ: ಕೆಲವು ಟಿಕೆಟ್‌ಗಳು ರಫೀನಾ ಎಂಬ ಬಂದರಿನಿಂದ ಇರುತ್ತವೆ. ಅದು ಅಥೆನ್ಸ್‌ನ ಇನ್ನೊಂದು ಮಗ್ಗುಲಲ್ಲಿ, ವಿಮಾನ ನಿಲ್ದಾಣಕ್ಕೆ ಹತ್ತಿರ. ಬುಕ್ ಮಾಡುವಾಗ ಬಂದರಿನ ಹೆಸರು ಓದದೆ ದುಡ್ಡು ಕಟ್ಟಬೇಡಿ.

ನೀವು ಹೋಗುತ್ತಿರುವ ವಾರವೂ ಸಾಮಾನ್ಯದ್ದಲ್ಲ. ಆಗಸ್ಟ್ 15 ಅಲ್ಲಿ ಮೇರಿ ಮಾತೆಯ ದೊಡ್ಡ ಹಬ್ಬ. ಅಥೆನ್ಸ್‌ಗೆ ಅಥೆನ್ಸೇ ತಮ್ಮ ತಮ್ಮ ದ್ವೀಪಕ್ಕೆ ಹೊರಡುತ್ತದೆ, ದೀಪಾವಳಿ ಹಿಂದಿನ ರಾತ್ರಿಯ ಮೆಜೆಸ್ಟಿಕ್ ನೆನೆಸಿಕೊಳ್ಳಿ. ಟೀನೋಸ್ ದ್ವೀಪದಲ್ಲಂತೂ ಹರಕೆ ಹೊತ್ತವರು ಬಂದರಿನಿಂದ ಗುಡ್ಡದ ಮೇಲಿನ ಚರ್ಚಿನವರೆಗೆ ಮಂಡಿಯೂರಿ ತೆವಳುತ್ತಾ ಹೋಗುತ್ತಾರೆ. ನಮ್ಮ ಉರುಳು ಸೇವೆ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಟಿಕೆಟ್ಟನ್ನು ಈಗಲೇ ಮಾಡಿ. ಸಾದಾ ಟಿಕೆಟ್ ತೆಗೆದುಕೊಂಡರೆ ಸೀಟು ಖಾತ್ರಿ ಇಲ್ಲ, ಮೊದಲು ಬಂದವರಿಗೆ ಜಾಗ. ಸ್ವಲ್ಪ ಹೆಚ್ಚು ಕೊಟ್ಟು ನಂಬರ್ ಇರುವ ಸೀಟನ್ನೇ ತೆಗೆದುಕೊಳ್ಳಿ, ಹಡಗಿನ ನಡುಭಾಗದಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಅಲುಗಾಟ ಕಡಿಮೆ ಇರುವುದು ಅಲ್ಲೇ. ಅಮ್ಮನ ಡಾಕ್ಟರನ್ನು ಕೇಳಿ ಅವೋಮಿನ್ ತರಹದ ಮಾತ್ರೆ ಊರಿನಿಂದಲೇ ತನ್ನಿ. ಹತ್ತುವ ಮೊದಲೇ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ಅಲ್ಲ.

ಹತ್ತುವುದು ಹಡಗಿನ ಹಿಂಬದಿಯಿಂದ. ಅಮ್ಮ ಸಿಗಂದೂರು ಲಾಂಚ್‌ನಲ್ಲಿ ಬಸ್ಸು ಏರುವುದನ್ನು ನೋಡಿ ಬೆಳೆದವಳು (2025ರ ಜುಲೈನಲ್ಲಿ ಅಲ್ಲಿಗೆ ಸೇತುವೆಯೇ ಬಂತು). ಪಿರೇಯಸ್‌ನಲ್ಲಿ ಉದ್ದನೆಯ ಲಾರಿಗಳು ರಿವರ್ಸ್‌ನಲ್ಲಿ ಒಂದೊಂದಾಗಿ ಹಡಗಿನ ಹೊಟ್ಟೆಯೊಳಗೆ ಹೋಗುವುದನ್ನು ನೋಡಿ ನಿಂತೇ ಬಿಟ್ಟಳು. ನಾವು ಹೋದ ಹಡಗಿನಲ್ಲಿ 2,400 ಜನ ಹಿಡಿಸುತ್ತಾರೆ. ‘ಇದು ಲಾಂಚ್ ಅಲ್ಲ ಮಾರಾಯ, ಸಾಗರ ಪೇಟೆಯೇ ತೇಲ್ತಾ ಇದೆ’ ಅಂದಳು. ಲಗೇಜನ್ನು ಕೆಳಗೆ ವಾಹನಗಳ ಪಕ್ಕದ ಕಪಾಟಿನಲ್ಲಿ ನಾವೇ ಇಡಬೇಕು, ಕಪಾಟಿನ ಮೇಲೆ ದ್ವೀಪದ ಹೆಸರು ಬರೆದಿರುತ್ತದೆ. ಔಷಧಿ, ಪಾಸ್‌ಪೋರ್ಟ್, ಶಾಲು ಮಾತ್ರ ಮೇಲೆ ಒಯ್ಯಿರಿ. ಶಾಲು ಬೇಕೇ ಬೇಕು, ಒಳಗೆ ಎ.ಸಿ. ಚಳಿ, ಹೊರಗೆ ಗಾಳಿ. ನಮ್ಮ ಹಡಗಿನಲ್ಲಿ ಎಸ್ಕಲೇಟರೂ ಇತ್ತು, ಲಿಫ್ಟೂ ಇತ್ತು. ಅಪ್ಪನಿಗೆ ತೊಂದರೆ ಇದೆ ಅಂತ ಕೆಳಗೆ ನಿಂತಿರುವ ಸಿಬ್ಬಂದಿಗೆ ಹೇಳಿ, ಲಿಫ್ಟ್ ತೋರಿಸುತ್ತಾರೆ.

ಹೊರಟ ಮೇಲೆ ಎಡಗಡೆಯ ಡೆಕ್‌ನಲ್ಲಿ ನಿಲ್ಲಿ. ಬಂದರಿನ ಹತ್ತಿರ ಕೊಂಡ ‘ಕುಲೂರಿ’ ಅಮ್ಮನ ಕೈಯಲ್ಲಿತ್ತು. ಎಳ್ಳು ಮೆತ್ತಿದ ಬಳೆಯಾಕಾರದ ಬ್ರೆಡ್ ಅದು, ಮೊಟ್ಟೆ ಮಾಂಸದ ಗೊಡವೆ ಇಲ್ಲ. ಅದನ್ನು ಮುರಿದು ಮುರಿದು ತಿನ್ನುತ್ತಾ, ಸೆರಗಿನಲ್ಲಿ ಬಿದ್ದ ಎಳ್ಳನ್ನು ಬೆರಳಲ್ಲಿ ಒತ್ತಿ ಬಾಯಿಗೆ ಹಾಕಿಕೊಳ್ಳುತ್ತಾ ಇದ್ದಾಗ, ದೂರದ ಬಂಡೆಯ ತುದಿಯಲ್ಲಿ ಬಿಳಿ ಕಂಬಗಳು ಕಂಡವು. ಅದು ಸೂನಿಯನ್ ಭೂಶಿರ, ಸಮುದ್ರದೇವತೆ ಪೊಸೈಡನ್‌ನ ಗುಡಿ. ಮಗ ಸತ್ತನೆಂದು ತಪ್ಪು ತಿಳಿದು ಏಜಿಯಸ್ ರಾಜ ಅಲ್ಲಿಂದಲೇ ಸಮುದ್ರಕ್ಕೆ ಹಾರಿದ, ಅದಕ್ಕೇ ಇದು ಏಜಿಯನ್ ಸಮುದ್ರ ಅಂತ ಕಥೆ. ಮಗ ಬದುಕಿದ್ದರೆ ಬಿಳಿ ಹಾಯಿ ಕಟ್ಟಿ ಬರಬೇಕಿತ್ತು, ಮರೆತು ಕಪ್ಪು ಹಾಯಿಯಲ್ಲೇ ಬಂದ. ಕಥೆ ಹೇಳಿದ ಮೇಲೆ ಅಮ್ಮ ಬಹಳ ಹೊತ್ತು ಆ ಕಂಬಗಳನ್ನೇ ನೋಡುತ್ತಿದ್ದಳು. ‘ಒಂದು ಬಟ್ಟೆ ಬದಲಿಸಲು ಮರೆತನಲ್ಲ’ ಅಂತ ಎರಡು ಸಲ ಹೇಳಿದಳು.

ನಾಕ್ಸೋಸ್ ಬಂದಾಗಲೂ ಹೊರಗೆ ಬನ್ನಿ. ಬಂದರಿನ ಪಕ್ಕದ ದಿಬ್ಬದ ಮೇಲೆ ಬಾಗಿಲಿಲ್ಲದ ಒಂದು ಅಮೃತಶಿಲೆಯ ಬಾಗಿಲುವಾಡ ಒಂಟಿಯಾಗಿ ನಿಂತಿರುತ್ತದೆ. ಕ್ರಿ.ಪೂ. ಆರನೇ ಶತಮಾನದಲ್ಲಿ ಶುರುವಾಗಿ ಮುಗಿಯದೇ ಉಳಿದ ಗುಡಿಯದು. ನಿಮ್ಮ ಬಳಿ ನಾಲ್ಕೈದು ದಿನ ಇದ್ದರೆ ಎರಡು ರಾತ್ರಿ ಇಲ್ಲೇ ಇಳಿಯಿರಿ. ಬಂದರಿನಿಂದ ಊರಿಗೆ ಸಪಾಟು ನಡಿಗೆ, ಜನಜಂಗುಳಿ ಕಡಿಮೆ, ಸ್ಯಾಂಟೊರಿನಿಗೆ ಇಲ್ಲಿಂದ ಎರಡೇ ಗಂಟೆ. ಮಂಡಿನೋವಿನವರಿಗೆ ನಿಜ ಹೇಳಬೇಕೆಂದರೆ ಇದೇ ಹೆಚ್ಚು ಹಿತ.

ಸ್ಯಾಂಟೊರಿನಿಯಲ್ಲಿ ಹಡಗು ನಿಲ್ಲುವುದು ಅಥಿನಿಯೋಸ್ ಬಂದರಿನಲ್ಲಿ, ಬಂಡೆಗೋಡೆಯ ಬುಡದಲ್ಲಿ. ಇಳಿಯುವ ಮೊದಲು ಎಲ್ಲರೂ ಕೆಳಗಿನ ಕತ್ತಲ ಗ್ಯಾರೇಜಿಗೆ ಬಂದು ಸೂಟ್‌ಕೇಸ್ ಹಿಡಿದು ನಿಲ್ಲುತ್ತಾರೆ. ಲಾರಿಗಳು ಸ್ಟಾರ್ಟ್ ಆಗಿರುತ್ತವೆ, ಡೀಸೆಲ್ ವಾಸನೆ, ಕಿವಿ ತುಂಬ ಸರಪಳಿ ಸದ್ದು. ಹಡಗು ಇನ್ನೂ ದಡ ಮುಟ್ಟುವ ಮೊದಲೇ ಹಿಂದಿನ ಹಲಗೆ ಇಳಿಯಲು ಶುರುವಾಗಿ, ಮೇಲಿನ ಸಂದಿಯಿಂದ ಬಿಸಿಲು ಒಂದು ಗೆರೆಯಾಗಿ ಒಳಗೆ ಬರುತ್ತದೆ. ಅಲ್ಲಿಂದ ಎಲ್ಲವೂ ಅವಸರ. ಅಪ್ಪನನ್ನು ಮುಂದೆ ತಳ್ಳಿಕೊಂಡು ಹೋಗಬೇಡಿ, ಗೋಡೆ ಬದಿಗೆ ನಿಲ್ಲಿಸಿ ಮೊದಲ ನೂಕುನುಗ್ಗಲು ಕಳೆಯಲಿ. ಮೇಲಕ್ಕೆ ಹೋಗುವ ರಸ್ತೆ ಹಾವಿನಂಥ ತಿರುವುಗಳದು, ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಟ್ಯಾಕ್ಸಿ ಸಿಗುವುದು ಕಷ್ಟ, ಹೋಟೆಲಿನವರಿಗೇ ಗಾಡಿ ಕಳಿಸಲು ಹೇಳಿಟ್ಟಿರಿ. ರೂಮ್ ಬುಕ್ ಮಾಡುವ ಮೊದಲು ‘ರಸ್ತೆಯಿಂದ ರೂಮಿಗೆ ಎಷ್ಟು ಮೆಟ್ಟಿಲು’ ಅಂತ ಬರೆದು ಕೇಳಿ. ಫೋಟೋದಲ್ಲಿ ಕಾಣುವ ಈಯಾ ಊರಿನ ಬಿಳಿ ಮನೆಗಳು ಮೆಟ್ಟಿಲ ಮೇಲೆ ಮೆಟ್ಟಿಲು. ಕಮಾರಿ, ಪೆರಿಸ್ಸಾ ಕಡೆ ಸಮತಟ್ಟು, ಕಪ್ಪು ಮರಳಿನ ದಂಡೆ.

ಊಟದ ಚಿಂತೆ ಬೇಡ. ‘ನಿಸ್ತೀಸಿಮೊ’ ಎಂಬ ಪದ ಕಲಿತುಕೊಳ್ಳಿ, ಅವರ ಉಪವಾಸದ ಅಡುಗೆ ಅಂತ. ಆಗಸ್ಟ್ 1ರಿಂದ 14ರವರೆಗೆ ಅವರ ವ್ರತ, ಹಾಗಾಗಿ ನಿಮಗೆ ಒಳ್ಳೆಯ ಕಾಲ. ಆದರೆ ಅವರ ಉಪವಾಸದಲ್ಲಿ ಸಿಗಡಿ, ಆಕ್ಟೋಪಸ್ ನಡೆಯುತ್ತದೆ, ಅದನ್ನು ಬಿಡಿಸಿ ಕೇಳಲೇಬೇಕು. ಸ್ಯಾಂಟೊರಿನಿಯ ‘ಫಾವಾ’ ಮಾತ್ರ ಕಣ್ಣುಮುಚ್ಚಿ ತರಿಸಿ. ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಆಲಿವ್ ಎಣ್ಣೆ, ಈರುಳ್ಳಿ, ನಿಂಬೆರಸ ಹಾಕಿ ಕೊಡುತ್ತಾರೆ. ಅಮ್ಮ ಒಂದು ಚಮಚ ಬಾಯಿಗಿಟ್ಟು, ‘ತೊವ್ವೆ ಅಲ್ವೇನೋ ಇದು’ ಅಂದು, ಅನ್ನ ಇದೆಯಾ ಕೇಳು ಅಂದಳು.

ಒಂದು ಮಾತು ಬಿಟ್ಟುಹೋಗಿತ್ತು. ಸ್ಯಾಂಟೊರಿನಿ ಬರುವ ಅರ್ಧ ಗಂಟೆ ಮೊದಲು ಮತ್ತೆ ಎಡಗಡೆಗೇ ಹೋಗಿ ನಿಲ್ಲಿ. ಹಡಗು ಈಯಾ ಊರು ಮತ್ತು ಥಿರಾಸಿಯಾ ಎಂಬ ಪಕ್ಕದ ದ್ವೀಪದ ನಡುವೆ ಒಳಗೆ ನುಗ್ಗುತ್ತದೆ. ಮೂರೂವರೆ ಸಾವಿರ ವರ್ಷಗಳ ಹಿಂದೆ ಸಿಡಿದು ಕುಸಿದ ಜ್ವಾಲಾಮುಖಿಯ ಬಾಯಿ ಅದು. ಬಲಗಡೆ ಕರಿ ಬಂಡೆಯ ಪುಟ್ಟ ದ್ವೀಪ ಕಾಣುತ್ತದಲ್ಲ, ಅದು 1950ರಲ್ಲೂ ಉಗುಳಿತ್ತು. ಎಡಗಡೆ ಕೆಂಪು, ಕಪ್ಪು, ಬೂದಿ ಬಣ್ಣದ ಪದರಗಳ ಗೋಡೆ, ತುದಿಯಲ್ಲಿ ಉಪ್ಪು ಚೆಲ್ಲಿದ ಹಾಗೆ ಊರುಗಳು. ಅಪ್ಪನಿಗೆ ಕಟಕಟೆಯ ಹತ್ತಿರ ಒಂದು ಕುರ್ಚಿ ಮೊದಲೇ ಹಿಡಿದಿಡಿ, ಆಮೇಲೆ ಸಿಗುವುದಿಲ್ಲ.