ಕೋಲ್ಡ್ ಸ್ಟೋರೇಜ್‌ನಲ್ಲಿ ಅಮೋನಿಯಾ ಸೋರಿದರೆ ಮಾಲೀಕರಿಗೆ ನಿಜಕ್ಕೂ ಏನು ಶಿಕ್ಷೆಯಾಗುತ್ತದೆ?

ತಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ಬಳ್ಳಾರಿಯ ಹೊರವಲಯದಲ್ಲಿ ತಮ್ಮ ಓಣಿಗೆ ಅಂಟಿಕೊಂಡಿರುವ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಲ್ಲಿ ಕಳೆದ ತಿಂಗಳು ರಾತ್ರಿ ಅಮೋನಿಯಾ ಸೋರಿ ಇಬ್ಬರು ಹಮಾಲರು ಆಸ್ಪತ್ರೆ ಸೇರಿದ್ದಾರೆ. 2024ರಲ್ಲಿಯೂ ಅಲ್ಲಿ ಒಮ್ಮೆ ಸೋರಿಕೆಯಾಗಿತ್ತು. ಈಗ ದೂರು ಕೊಡಲು ಹೊರಟರೆ, "ನಾಲ್ಕು ಕಾಸು ದಂಡ ಕಟ್ಟಿ ಹೊರಗೆ ಬರುತ್ತಾರೆ, ಸುಮ್ಮನಿರಿ" ಎಂದು ಹಿರಿಯರು ತಡೆಯುತ್ತಿದ್ದಾರೆ. ಅವರ ಮಾತು ಎಷ್ಟು ನಿಜ ಎಂಬುದು ತಮ್ಮ ಪ್ರಶ್ನೆ.

ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಕಾರ್ಖಾನೆಗಳಲ್ಲಿ ಸುರಕ್ಷತಾ ಅಧಿಕಾರಿಯಾಗಿ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ಆ ಮಾತು ಅರ್ಧ ನಿಜ. ನ್ಯಾಯಾಲಯ ಹಾಕುವ ದಂಡ ಮಾಲೀಕರಿಗೆ ಅಷ್ಟೇನೂ ಭಾರವಲ್ಲ. ಅವರು ನಿಜವಾಗಿ ಹೆದರುವುದು ಯಂತ್ರ ನಿಲ್ಲಿಸುವ ಆದೇಶಕ್ಕೆ ಮತ್ತು ಪರಿಹಾರದ ಹೊಣೆಗೆ. ತಮ್ಮ ದೂರು ಇವೆರಡನ್ನೂ ಕೇಳುವಂತೆ ಇರಬೇಕು.

ಮೊದಲು ತಾರೀಖಿನ ವಿಚಾರ. ಎರಡು ಸೋರಿಕೆಗಳಿಗೆ ಎರಡು ಬೇರೆ ಕಾನೂನುಗಳು ಅನ್ವಯಿಸುತ್ತವೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದು, 1948ರ ಕಾರ್ಖಾನೆಗಳ ಕಾಯ್ದೆಯ ಜಾಗದಲ್ಲಿ ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಇದೆ. 2024ರ ಸೋರಿಕೆಗೆ ಹಳೆಯ ಕಾಯ್ದೆಯ 92ನೇ ಕಲಮೇ ಅನ್ವಯ: ಕಾರ್ಖಾನೆಯ ಅಧಿಭೋಗದಾರ (ಅದರ ಆಡಳಿತದ ಅಂತಿಮ ಹಿಡಿತ ಇರುವವರು) ಮತ್ತು ವ್ಯವಸ್ಥಾಪಕ ಇಬ್ಬರಿಗೂ ತಲಾ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಆ ಕಾಯ್ದೆಯಡಿ ಕಾರ್ಖಾನೆ ಇಲಾಖೆಯ ಇನ್‌ಸ್ಪೆಕ್ಟರ್ ದೂರು ಸಲ್ಲಿಸಬೇಕು, ಇಲ್ಲವೇ ಅವರ ಲಿಖಿತ ಪೂರ್ವಾನುಮತಿ ಇರಬೇಕು. ಅದೂ ಅಪರಾಧ ಅವರ ಗಮನಕ್ಕೆ ಬಂದ 3 ತಿಂಗಳೊಳಗೆ. ಅಂದು ಇಲಾಖೆಗೆ ವಿಷಯ ತಿಳಿದೂ ಯಾರೂ ನ್ಯಾಯಾಲಯಕ್ಕೆ ಹೋಗಿಲ್ಲವೆಂದರೆ ಆ ದಾರಿ ಮುಚ್ಚಿದೆ ಎಂದೇ ತಿಳಿಯಿರಿ. ಹಾಗೆಂದು ಆ ಘಟನೆಯನ್ನು ಕೈಬಿಡಬೇಡಿ, ಅದು ಬೇರೆಡೆ ಕೆಲಸಕ್ಕೆ ಬರುತ್ತದೆ.

ಕಳೆದ ತಿಂಗಳಿನ ಸೋರಿಕೆಗೆ ಹೊಸ ಸಂಹಿತೆ ಅನ್ವಯ. ಅದರಲ್ಲಿ ಸಾಮಾನ್ಯ ಉಲ್ಲಂಘನೆಗೆ 2 ಲಕ್ಷದಿಂದ 3 ಲಕ್ಷ ರೂಪಾಯಿ ದಂಡವಿದೆ. ಸುರಕ್ಷತಾ ಕರ್ತವ್ಯದ ಉಲ್ಲಂಘನೆಯಿಂದ ಸಾವು ಸಂಭವಿಸಿದ್ದರೆ 2 ವರ್ಷದವರೆಗೆ ಜೈಲು, ಅಥವಾ ಕನಿಷ್ಠ 5 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಗಂಭೀರ ದೈಹಿಕ ಗಾಯವಾಗಿದ್ದರೆ 1 ವರ್ಷದವರೆಗೆ ಜೈಲು, ಅಥವಾ 2ರಿಂದ 4 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಈ ದಂಡದ ಕನಿಷ್ಠ ಅರ್ಧದಷ್ಟನ್ನು ಗಾಯಾಳುವಿಗೆ ಅಥವಾ ಮೃತರ ವಾರಸುದಾರರಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ತಮ್ಮ ಪ್ರಕರಣ ತಿರುಗುವುದು 'ಗಂಭೀರ ಗಾಯ' ಎಂಬಲ್ಲಿ. ಮೂಳೆ ಮುರಿತ, ದೃಷ್ಟಿ ಅಥವಾ ಶ್ರವಣಕ್ಕೆ ಶಾಶ್ವತ ಹಾನಿ, ಅಂಗದ ಶಾಶ್ವತ ನಷ್ಟ ಇಂಥವು ಮಾತ್ರ ಆ ವ್ಯಾಖ್ಯೆಯೊಳಗೆ ಬರುತ್ತವೆ. ಕೆಮ್ಮು, ವಾಂತಿ, ಕಣ್ಣುರಿ ಬರುವುದಿಲ್ಲ. ಅಮೋನಿಯಾ ಕಣ್ಣಿನ ತೇವದಲ್ಲಿ ಕರಗಿ ಕ್ಷಾರವಾಗಿ ಒಳಕ್ಕೆ ಇಳಿಯುವುದರಿಂದ, ಅದರ ಹಾನಿಯ ಆಳ ಎಷ್ಟೋ ವೇಳೆ ಕೆಲವು ದಿನಗಳ ಮೇಲೆ ತಿಳಿಯುತ್ತದೆ. ಆದ್ದರಿಂದ ಆ ಇಬ್ಬರು ಹಮಾಲರು, ಈಗ ಆರಾಮವಿದ್ದೇವೆ ಎಂದರೂ, ನೇತ್ರತಜ್ಞರಿಂದ ಮತ್ತೊಮ್ಮೆ ತಪಾಸಣೆ ಮಾಡಿಸಿಕೊಂಡು ಚೀಟಿಯನ್ನು ಕಾಪಾಡಿಕೊಳ್ಳಬೇಕು. ಆಸ್ಪತ್ರೆಯಿಂದ ಬಿಡುಗಡೆಯಾದ ದಿನದ ಕಾಗದವೊಂದನ್ನೇ ನಂಬಿದರೆ ಪ್ರಕರಣ ತಳಮಟ್ಟದ ದಂಡದಲ್ಲೇ ನಿಲ್ಲುತ್ತದೆ.

ಇಲ್ಲಿ ಮಾಲೀಕರ ಕಡೆಯಿಂದ ಬರುವ ಮೊದಲ ವಾದವನ್ನು ಈಗಲೇ ಹೇಳಿಬಿಡುತ್ತೇನೆ: "ಇದು ಕಾರ್ಖಾನೆಯೇ ಅಲ್ಲ, ಬರೀ ಗೋದಾಮು, ನಮ್ಮ ಹಾಜರಿ ಪುಸ್ತಕದಲ್ಲಿ ಇರುವವರು ಆರೇ ಜನ." ಈ ವಾದಕ್ಕೆ ಬೆದರಬೇಕಿಲ್ಲ. ಯಾವುದೇ ವಸ್ತುವನ್ನು ಶೀತಲಗೃಹದಲ್ಲಿ ಕಾಪಾಡುವುದನ್ನು ಕಾರ್ಖಾನೆಗಳ ಕಾಯ್ದೆಯೇ ತಯಾರಿಕಾ ಪ್ರಕ್ರಿಯೆ ಎಂದು ಕರೆದಿತ್ತು. ಗುತ್ತಿಗೆದಾರರ ಮೂಲಕ ಬಂದವರನ್ನೂ ಕಾರ್ಮಿಕರೆಂದೇ ಎಣಿಸಬೇಕು. ಎಣಿಕೆಯನ್ನು ಸರಾಸರಿಯಾಗಿ ನೋಡುವುದಿಲ್ಲ. ಹಿಂದಿನ 12 ತಿಂಗಳಲ್ಲಿ ಯಾವುದಾದರೂ ಒಂದು ದಿನ ಎಷ್ಟು ಜನರಿದ್ದರು ಎಂಬುದನ್ನು ನೋಡುತ್ತಾರೆ. ಮೆಣಸಿನಕಾಯಿ ಸುಗ್ಗಿಯ ದಿನಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಂತು ಚೀಲ ಇಳಿಯುವಾಗ ಅಲ್ಲಿ ಎಷ್ಟು ಹಮಾಲರಿರುತ್ತಾರೆಂದು ತಮಗೇ ಗೊತ್ತು. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವಲ್ಲಿ 10 ಜನರಿದ್ದರೆ ಅದು ಕಾರ್ಖಾನೆಯಾಗುತ್ತಿತ್ತು. ಹೊಸ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿದ್ದರೂ, 10 ಅಥವಾ ಹೆಚ್ಚು ಕಾರ್ಮಿಕರಿರುವ ಯಾವುದೇ ಉದ್ದಿಮೆಯ ಮಾಲೀಕರಿಗೆ ಅಪಾಯವಿಲ್ಲದ ಕೆಲಸದ ಸ್ಥಳ ಒದಗಿಸುವ ಕರ್ತವ್ಯವನ್ನು ಉಳಿಸಿಕೊಂಡಿದೆ. ಸುಗ್ಗಿಯ ದಿನದ ಒಂದು ಫೋಟೊ, ಹಮಾಲರ ಮೇಸ್ತ್ರಿ ಬರೆದಿಟ್ಟ ಕೂಲಿ ಲೆಕ್ಕದ ಒಂದು ಹಾಳೆ ಇದ್ದರೆ ಈ ವಾದಕ್ಕೆ ಸಾಕಷ್ಟು ಉತ್ತರವಾಗುತ್ತದೆ.

ಇನ್ನು 'ಏಳು ವರ್ಷ ಜೈಲು' ಎಂದು ವಾಟ್ಸ್ಆಪ್‌ನಲ್ಲಿ ಓಡಾಡುವ ಮಾತು. ಭೋಪಾಲ ದುರಂತದ ನಂತರ, ಕಾರ್ಖಾನೆಗಳ ಕಾಯ್ದೆಗೆ 1987ರ ತಿದ್ದುಪಡಿಯಲ್ಲಿ ಬಂದ 96ಎ ಕಲಮಿನಲ್ಲಿ ಅಂಥ ಶಿಕ್ಷೆ ಇತ್ತು, ಆದರೆ ಅದು ಅಪಾಯಕಾರಿ ಪ್ರಕ್ರಿಯೆಗಳ ವಿಶೇಷ ಕರ್ತವ್ಯಗಳಿಗೆ ಸಂಬಂಧಿಸಿದ್ದು. ಆ ಪ್ರಕ್ರಿಯೆಗಳ ಅನುಸೂಚಿಯಲ್ಲಿ ಉಕ್ಕು, ವಿದ್ಯುದುತ್ಪಾದನೆ, ಗೊಬ್ಬರ, ಔಷಧ ತಯಾರಿಕೆ ಇವೆಲ್ಲ ಇದ್ದವು. ಶೀತಲಗೃಹ ಹೆಸರು ಹಿಡಿದು ಇರಲಿಲ್ಲ. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳ ಅತಿ ಬಿಗಿಯಾದ ಭಾಗಗಳೂ ಪ್ರಮಾಣವನ್ನು ನೋಡಿ ಅನ್ವಯಿಸುತ್ತವೆ: ಪ್ರತ್ಯೇಕ ಸಂಗ್ರಹವಾದರೆ ಅಮೋನಿಯಾಕ್ಕೆ ಕೆಳಮಿತಿ 60 ಟನ್, ಮೇಲ್ಮಿತಿ 600 ಟನ್. ಸಾಮಾನ್ಯ ಕೋಲ್ಡ್ ಸ್ಟೋರೇಜ್ ಅಥವಾ ಐಸ್ ಫ್ಯಾಕ್ಟರಿಯಲ್ಲಿ ಇರುವುದು ಅದರ ಸಣ್ಣ ಪಾಲು. ನನ್ನ ಅಭಿಪ್ರಾಯದಲ್ಲಿ ಕಾನೂನಿನ ದೊಡ್ಡ ಲೋಪ ಇದೇ. ಊರಾಚೆ ಬೇಲಿ ಹಾಕಿಕೊಂಡಿರುವ ದೊಡ್ಡ ಕಾರ್ಖಾನೆಗೆ ತುರ್ತು ಯೋಜನೆ, ಅಣಕು ಪ್ರದರ್ಶನ, ಸುರಕ್ಷತಾ ವರದಿ ಎಲ್ಲವೂ ಕಡ್ಡಾಯ. ಮನೆಗಳ ನಡುವೆ ಕೆಲವೇ ಟನ್ ಇಟ್ಟುಕೊಂಡವರಿಗೆ ಅಷ್ಟು ಬಿಗಿಯಿಲ್ಲ. ಗೋಡೆಯಾಚೆ ಮಲಗಿದವರಿಗೆ ಆ ಕೆಲವು ಟನ್ನೇ ಸಾಕು.

ಪರಿಸರ (ಸಂರಕ್ಷಣೆ) ಕಾಯ್ದೆ, 1986ರಲ್ಲೂ ಬದಲಾವಣೆಯಾಗಿದೆ. ಹಿಂದೆ ಅದರ 15ನೇ ಕಲಮಿನಲ್ಲಿ 5 ವರ್ಷದವರೆಗೆ ಜೈಲು ಇತ್ತು. ಜನ ವಿಶ್ವಾಸ ಕಾಯ್ದೆಯ ಮೂಲಕ 2024ರ ಏಪ್ರಿಲ್ 1ರಿಂದ ಅದನ್ನು ತೆಗೆದು, 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನಾಗಿ ಮಾಡಲಾಗಿದೆ. ಇದನ್ನು ನ್ಯಾಯಾಲಯದ ಬದಲು ನಿಯೋಜಿತ ಅಧಿಕಾರಿಯೇ ನಿರ್ಣಯಿಸುತ್ತಾರೆ. ಉಲ್ಲಂಘನೆ ಮುಂದುವರಿದರೆ ದಿನಕ್ಕೆ 10 ಸಾವಿರ ಹೆಚ್ಚುವರಿ. ಜೈಲು ಹೋಯಿತೆಂದು ಬೇಸರಪಡುವವರಿದ್ದಾರೆ. ವರ್ಷಗಟ್ಟಲೆ ಎಳೆಯುವ ಕ್ರಿಮಿನಲ್ ಮೊಕದ್ದಮೆಗಿಂತ, ಬೇಗ ನಿರ್ಣಯವಾಗುವ 15 ಲಕ್ಷ ಹೆಚ್ಚು ಪರಿಣಾಮಕಾರಿ ಎಂಬುದು ನನ್ನ ಅನಿಸಿಕೆ. ಆದರೆ ಅಧಿಕಾರಿ ನಿರ್ಣಯಿಸಬೇಕಲ್ಲ!

ಈಗ ಯಂತ್ರ ನಿಲ್ಲಿಸುವ ವಿಚಾರ. ತಕ್ಷಣದ ಅಪಾಯ ಕಂಡರೆ ಕಾರ್ಖಾನೆ ಇಲಾಖೆಯವರು ಆ ಭಾಗದ ಬಳಕೆಯನ್ನು ನಿಷೇಧಿಸಬಹುದು. ಪರಿಸರ ಕಾಯ್ದೆಯ 5ನೇ ಕಲಮಿನಡಿ ಘಟಕವನ್ನು ಮುಚ್ಚಿಸುವ, ವಿದ್ಯುತ್ ಮತ್ತು ನೀರನ್ನು ಕಡಿತಗೊಳಿಸುವ ಆದೇಶವೂ ಸಾಧ್ಯ. ಆಗ ಜೆಸ್ಕಾಂ ಸಂಪರ್ಕ ತಪ್ಪಿಸಲೇಬೇಕು. ಆದರೆ ಒಳಗಿರುವುದು ರೈತರ ಚೀಲಗಳು. ವಿದ್ಯುತ್ ತಪ್ಪಿದರೆ ಕೆಡುವುದು ಅವರ ಮಾಲು, ಆದ್ದರಿಂದ ಅಧಿಕಾರಿಗಳು ಹಿಂಜರಿಯುತ್ತಾರೆ, ಹಿಂಜರಿಕೆಯಲ್ಲಿ ನ್ಯಾಯವೂ ಇದೆ. 'ಮುಚ್ಚಿಸಿ' ಎಂದಷ್ಟೇ ಬರೆಯದೆ, ಹೊಸ ಮಾಲು ತುಂಬಿಸಿಕೊಳ್ಳಬಾರದು, ಕವಾಟ, ಪೈಪು ಮತ್ತು ಸುರಕ್ಷತಾ ವಾಲ್ವ್‌ಗಳನ್ನು ಸಮರ್ಥ ವ್ಯಕ್ತಿಯಿಂದ ಪರೀಕ್ಷಿಸಿ ಪ್ರಮಾಣಪತ್ರ ಕೊಡುವವರೆಗೆ ಹೆಚ್ಚುವರಿ ಅಮೋನಿಯಾ ತುಂಬಬಾರದು, ಅನಿಲ ಪತ್ತೆ ಸಾಧನ ಹಾಕಬೇಕು ಎಂದು ಹಂತಹಂತವಾಗಿ ಕೇಳಿದರೆ ಅಧಿಕಾರಿಗಳಿಗೂ ಸಹಿ ಮಾಡುವುದು ಸುಲಭವಾಗುತ್ತದೆ.

ಪರಿಹಾರದ ವಿಷಯದಲ್ಲಿ ತಾವು ಇನ್ನೂ ಬಲವಾಗಿದ್ದೀರಿ. 1986ರ ಡಿಸೆಂಬರ್‌ನಲ್ಲಿ ದೆಹಲಿಯ ಓಲಿಯಂ (ಒಂದು ಬಗೆಯ ತೀಕ್ಷ್ಣ ಆಮ್ಲ) ಸೋರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಪಾಯಕಾರಿ ಉದ್ದಿಮೆ ನಡೆಸುವವರು ತಪ್ಪು ತಮ್ಮದಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲಾಗದು ಎಂಬ ಸಂಪೂರ್ಣ ಹೊಣೆಗಾರಿಕೆಯ ತತ್ವವನ್ನು ನೀಡಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ತಪ್ಪನ್ನು ಸಾಬೀತುಪಡಿಸುವ ಹೊರೆಯಿಲ್ಲದೆ ಪರಿಹಾರ ಕೊಡಿಸಬಲ್ಲದು. ಪರಿಹಾರದ ಅರ್ಜಿಗೆ ಅಲ್ಲಿ 5 ವರ್ಷದ ಅವಧಿಯಿದೆ. ಕಾರ್ಖಾನೆ ಕಾಯ್ದೆಯಡಿ ಮುಚ್ಚಿಹೋದ 2024ರ ಘಟನೆ ಇಲ್ಲಿ ಇನ್ನೂ ಜೀವಂತವಾಗಿದೆ. ನಮ್ಮ ರಾಜ್ಯದ ಪ್ರಕರಣಗಳು ಚೆನ್ನೈನ ದಕ್ಷಿಣ ಪೀಠಕ್ಕೆ ಹೋಗುತ್ತವೆ. 2023ರ ಡಿಸೆಂಬರ್ 26ರಂದು ಎನ್ನೋರ್‌ನಲ್ಲಿ ಕೋರಮಂಡಲ್ ಕಂಪನಿಯ ಸಮುದ್ರದೊಳಗಿನ ಕೊಳವೆಯಿಂದ ಅಮೋನಿಯಾ ಸೋರಿದಾಗ, ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ ಲೆಕ್ಕ ಹಾಕಿದ ಪರಿಸರ ಪರಿಹಾರ 5.92 ಕೋಟಿ ರೂಪಾಯಿ. ದಂಡಕ್ಕೂ ಪರಿಹಾರಕ್ಕೂ ಇರುವ ಅಂತರ ಇದರಿಂದಲೇ ತಿಳಿಯುತ್ತದೆ.

ದೂರನ್ನು ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಗೆ ಬರೆದು, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಜಿಲ್ಲಾಧಿಕಾರಿಗಳಿಗೂ ಪ್ರತಿ ಕಳುಹಿಸಿ, ಮೂರೂ ಕಡೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಪೊಲೀಸ್ ಠಾಣೆಗೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಡಿ ಬೇರೆಯದೇ ದೂರು ಕೊಡಿ. ತೀವ್ರ ಗಾಯವಾಗಿದ್ದರೆ ಅದರಲ್ಲಿ 3 ವರ್ಷದವರೆಗೆ ಜೈಲು ಇದೆ. ಓಣಿಯಲ್ಲಿ ಯಾರಾದರೂ ಆ ರಾತ್ರಿ ಚಿಕಿತ್ಸೆ ಪಡೆದಿದ್ದರೆ ಅವರ ಚೀಟಿಯನ್ನೂ ಲಗತ್ತಿಸಿ: 1989ರ ನಿಯಮಗಳ ಪ್ರಕಾರ ಆವರಣದ ಹೊರಗೆ ಒಬ್ಬರಿಗೆ ಗಾಯವಾದರೂ ಅದು ಭಾರಿ ಅಪಘಾತ, ಅದನ್ನು 48 ಗಂಟೆಯೊಳಗೆ ತಿಳಿಸುವ ಹೊಣೆ ಮಾಲೀಕರದು. ಅವರು ತಿಳಿಸಿದ್ದರೇ, ಎರಡೂ ಬಾರಿಯ ಪತ್ರಗಳ ನಕಲು ಎಲ್ಲಿದೆ ಎಂದು ಮಾಹಿತಿ ಹಕ್ಕಿನಡಿ ಇದೇ ವಾರ ಒಂದು ಅರ್ಜಿ ಹಾಕಿ.